ಮೆಕ್ಕೆಜೋಳದ ಎಣ್ಣೆ: ವೈನ್ ಶಾಪ್‌ನಲ್ಲಿ ಬೋರ್ಬನ್‌ಗೆ ದುಡ್ಡು ಕೊಡಬೇಕಾ?

ಬೋರ್ಬನ್ ಅಂದರೆ ನಮ್ಮ ಕಡೆ ಇವತ್ತಿಗೂ ಬಿಸ್ಕತ್ತೇ. ಎರಡು ಕಂದು ಬಿಸ್ಕತ್ತು, ನಡುವೆ ಚಾಕೊಲೇಟ್ ಕ್ರೀಮು, ಮೇಲೆ ಸಕ್ಕರೆ ಹರಳು. ಆಯನೂರಿನ ಯಾವ ಅಂಗಡಿಗೆ ಹೋಗಿ ಕೇಳಿದರೂ ಅದನ್ನೇ ತೆಗೆದು ಕೊಡುತ್ತಾರೆ. ಆದರೆ 2025ರ ಫೆಬ್ರವರಿಯಿಂದೀಚೆಗೆ ಅದೇ ಹೆಸರಿನ ಇನ್ನೊಂದು ಸಾಮಾನಿನ ಬಗ್ಗೆ ನಮ್ಮನ್ನು ಕೇಳುವವರು ಹೆಚ್ಚಾಗಿದ್ದಾರೆ. ಆ ತಿಂಗಳು ಕೇಂದ್ರ ಸರ್ಕಾರ ಅಮೆರಿಕದ ಬೋರ್ಬನ್ ವಿಸ್ಕಿಯ ಆಮದು ಸುಂಕವನ್ನು 150%ರಿಂದ 100%ಕ್ಕೆ ಇಳಿಸಿತು. ಪ್ರಧಾನಿ ಅಮೆರಿಕಕ್ಕೆ ಹೋದ ಹೊತ್ತಿನಲ್ಲೇ ಆದ ಕೆಲಸ. ಟಿವಿಯವರು ‘ವಿಸ್ಕಿ ಅಗ್ಗ’ ಎಂದು ಓಡಿಸಿದರು. ವಾಟ್ಸಾಪ್‌ನಲ್ಲಿ ಅದು ‘ಫಾರಿನ್ ಎಣ್ಣೆ ಅರ್ಧ ರೇಟು’ ಆಯಿತು. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಇದ್ದವರು, ಮನೆಯಲ್ಲಿ ಮದುವೆ ಇದ್ದವರು, ‘ಪೇಪರ್‌ನೋರೇ, ಯಾವುದು ತರಬಹುದು?’ ಎಂದು ಕೇಳತೊಡಗಿದರು.

ಅದಕ್ಕೆ ಈ ಬರಹ. ಕುಡಿಯದವರು ಕುಡಿಯಲಿ ಎಂದು ನಾವು ಹೇಳುತ್ತಿಲ್ಲ. 21 ತುಂಬದವರು ಇಲ್ಲಿಗೇ ಬಿಟ್ಟು ಬೇರೆ ಬರಹ ಓದಬಹುದು. ಉಳಿದವರಿಗೆ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಬೋರ್ಬನ್ ಕೊಳ್ಳಲೇಬೇಕಾದ ಸಾಮಾನಲ್ಲ. ಆದರೆ ಆ ಬಾಟಲಿಯ ಲೇಬಲ್ಲಿನಿಂದ ಕಲಿಯಬೇಕಾದದ್ದು ಇದೆ. ನಮ್ಮ ಅಂಗಡಿಯಲ್ಲಿ ದಿನಾ ಖರ್ಚಾಗುವ ಕ್ವಾರ್ಟರ್ ಬಾಟಲಿ ಹೇಳದೆ ಮುಚ್ಚಿಡುವ ಸಂಗತಿಗಳನ್ನು ಅದು ಕಾನೂನಿನ ಭಯಕ್ಕಾದರೂ ಹೇಳುತ್ತದೆ.

ಬೋರ್ಬನ್ ಅಂದರೆ ಏನು? ನಮ್ಮ ಹೊಲದ ಭಾಷೆಯಲ್ಲಿ ಹೇಳುವುದಾದರೆ ಮೆಕ್ಕೆಜೋಳದ ಎಣ್ಣೆ. ಅಮೆರಿಕದ ಕಾನೂನಿನ ಪ್ರಕಾರ ಕೊಳೆಹಾಕುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಲೇಬೇಕು. ಉಳಿದದ್ದು ರೈ ಎಂಬ ಧಾನ್ಯ ಅಥವಾ ಗೋಧಿ, ಜೊತೆಗೆ ಸ್ವಲ್ಪ ಮೊಳಕೆ ಬಾರ್ಲಿ. ಭಟ್ಟಿ ಇಳಿಸುವಾಗ ಮದ್ಯಸಾರ 80% ದಾಟುವಂತಿಲ್ಲ. ಯಾಕೆಂದರೆ ಅದಕ್ಕಿಂತ ಶುದ್ಧ ಮಾಡುತ್ತಾ ಹೋದರೆ ಧಾನ್ಯದ ರುಚಿ ಹೊರಟುಹೋಗುತ್ತದೆ. ಪೀಪಾಯಿಗೆ ತುಂಬುವಾಗ 62.5% ಮೀರಬಾರದು. ಪೀಪಾಯಿ ಹೊಸದೇ ಆಗಿರಬೇಕು, ಓಕ್ ಮರದ್ದೇ ಆಗಿರಬೇಕು, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿರಬೇಕು. ಬಣ್ಣ ಹಾಕುವಂತಿಲ್ಲ, ಎಸೆನ್ಸ್ ಹಾಕುವಂತಿಲ್ಲ. ಬಾಟಲಿಗೆ ಇಳಿಸುವಾಗ ಮದ್ಯಸಾರ 40%ಕ್ಕೆ ಕಡಿಮೆ ಇರಬಾರದು. 1964ರಲ್ಲಿ ಅಲ್ಲಿನ ಸಂಸತ್ತು ಇದನ್ನು ಅಮೆರಿಕದ್ದೇ ವಿಶಿಷ್ಟ ಪದಾರ್ಥ ಎಂದು ನಿರ್ಣಯ ಮಾಡಿದೆ. ಹಾಗಾಗಿ ಬೇರೆ ದೇಶದಲ್ಲಿ ಇದೇ ರೀತಿ ಮಾಡಿದರೂ ಅಲ್ಲಿ ಅದನ್ನು ಬೋರ್ಬನ್ ಎಂದು ಮಾರುವಂತಿಲ್ಲ.

ಸುಟ್ಟ ಮರದಿಂದ ಇದಕ್ಕೆ ಒಂದು ಸಿಹಿ ಬರುತ್ತದೆ. ಪುಸ್ತಕದವರು ವೆನಿಲಾ, ಕ್ಯಾರಮೆಲ್ ಎಂದೆಲ್ಲ ಬರೆಯುತ್ತಾರೆ. ನಮ್ಮ ಮೂಗಿಗೆ ಅದು ಜೋನಿಬೆಲ್ಲ ಕಾಯಿಸುವಾಗ ತಳ ಹಿಡಿಯಿತು ಎನ್ನುವ ಹೊತ್ತಿನ ವಾಸನೆ. ಸ್ಕಾಚ್‌ನಲ್ಲಿ ಕೆಲವಕ್ಕೆ ಇರುವ ಹೊಗೆಯ ಘಾಟು ಇದರಲ್ಲಿ ಇರುವುದಿಲ್ಲ. ಖಾರ ಮಂಡಕ್ಕಿಗೆ ಚೆನ್ನಾಗಿ ಹೊಂದುತ್ತದೆ ಎನ್ನುವುದು ನಮ್ಮ ಸ್ವಂತ ಅಭಿಪ್ರಾಯ, ಯಾವ ಪುಸ್ತಕದಲ್ಲೂ ಇಲ್ಲ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಶಿವಮೊಗ್ಗ, ದಾವಣಗೆರೆ, ಹಾವೇರಿ ಎಂದರೆ ಮೆಕ್ಕೆಜೋಳದ ಪಟ್ಟಿ. ಆಯನೂರಿನಿಂದ ಹಾರನಹಳ್ಳಿ ಕಡೆಗೋ ಶಿಕಾರಿಪುರದ ಕಡೆಗೋ ಹೋದರೆ ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿ ಅದೇ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಮದ್ಯಸಾರ ಬರುತ್ತದೆ ಎನ್ನುವುದು ಎಥೆನಾಲ್ ಕಾರ್ಖಾನೆಗಳ ಲೆಕ್ಕ. ಅಂದರೆ ಕೆಜಿಗೆ 380 ಮಿಲಿ. 750 ಮಿಲಿಯ ಒಂದು ಫುಲ್ ಬಾಟಲಿ 40% ಬೋರ್ಬನ್‌ನಲ್ಲಿ ಇರುವ ಶುದ್ಧ ಮದ್ಯಸಾರ 300 ಮಿಲಿ. ಪೀಪಾಯಿಯಲ್ಲಿ ಆವಿಯಾಗಿ ಹೋಗುವುದನ್ನೂ ಸೇರಿಸಿಕೊಂಡರೆ ಒಂದು ಬಾಟಲಿಗೆ ಬೇಕಾದ ಧಾನ್ಯ ಸುಮಾರು ಒಂದು ಕೆಜಿ. ಅದರಲ್ಲೂ ಪೂರ್ತಿ ಮೆಕ್ಕೆಜೋಳವಲ್ಲ.

2025-26ಕ್ಕೆ ಕೇಂದ್ರ ನಿಗದಿ ಮಾಡಿದ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕೆಜಿಗೆ 24. ಆ ಬೆಲೆಯೂ ಮಾರುಕಟ್ಟೆಯಲ್ಲಿ ಸಿಗದೆ 2025ರ ನವೆಂಬರ್‌ನಲ್ಲಿ ನಮ್ಮ ಭಾಗದ ರೈತರು ರಸ್ತೆಗೆ ಇಳಿದದ್ದು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದದ್ದು ಎಲ್ಲರಿಗೂ ನೆನಪಿದೆ. ಸಾವಿರಗಟ್ಟಲೆ ರೂಪಾಯಿಯ ಬಾಟಲಿಯಲ್ಲಿ ರೈತನ ಪಾಲು 24 ರೂಪಾಯಿಗಿಂತ ಕಡಿಮೆ. ಅಮೆರಿಕದ ರೈತನದ್ದೂ ಇದೇ ಕತೆ, ಅವನ ಜೋಳ ನಮ್ಮದಕ್ಕಿಂತ ಬಂಗಾರದ್ದೇನಲ್ಲ. ಉಳಿದ ದುಡ್ಡು ಪೀಪಾಯಿಗೆ, ವರ್ಷಗಟ್ಟಲೆ ಕಾಯುವುದಕ್ಕೆ, ಹಡಗಿಗೆ, ಜಾಹೀರಾತಿಗೆ, ಅಂಗಡಿಯವನಿಗೆ. ಎಲ್ಲಕ್ಕಿಂತ ದೊಡ್ಡ ಪಾಲು ಸರ್ಕಾರಗಳಿಗೆ.

ಸುಂಕ ಇಳಿದರೂ ಬೆಲೆ ಅರ್ಧ ಆಗದಿರುವುದಕ್ಕೆ ಕಾರಣ ಇಲ್ಲೇ ಇದೆ. ಲೆಕ್ಕಕ್ಕೆ ಒಂದು ಬಾಟಲಿ ಬಂದರಿಗೆ 500 ರೂಪಾಯಿಗೆ ಬಂತು ಅಂದುಕೊಳ್ಳಿ. ಮೊದಲು 150% ಸುಂಕ ಸೇರಿ 1,250 ಆಗುತ್ತಿತ್ತು. ಈಗ 100% ಸೇರಿ 1,000. ಉಳಿದದ್ದು 250 ರೂಪಾಯಿ. ಅಲ್ಲಿಂದ ಮುಂದೆ ಆಮದುದಾರನ ಲಾಭ, ರಾಜ್ಯದ ಸುಂಕಗಳು, ಅಂಗಡಿಯ ಕಮಿಷನ್ ಒಂದರ ಮೇಲೊಂದು ಕೂರುತ್ತವೆ. ಕೇಂದ್ರ ಬಿಟ್ಟದ್ದು ಒಂದು ಮೆಟ್ಟಿಲು ಮಾತ್ರ, ಏಣಿ ಹಾಗೇ ಇದೆ. ಅದರ ಮೇಲೆ ಕಡಿತವನ್ನು ಗಿರಾಕಿಗೆ ದಾಟಿಸಬೇಕೋ ತಾನೇ ಇಟ್ಟುಕೊಳ್ಳಬೇಕೋ ಎನ್ನುವುದು ಕಂಪನಿಯ ಮರ್ಜಿ. ‘ಅರ್ಧ ರೇಟು’ ಎಂದು ಯಾರಾದರೂ ಬೋರ್ಬನ್ ಮಾರಲು ಬಂದರೆ ಅದರ ಮುಚ್ಚಳ ನೋಡಬೇಕು. ಆ ವಿಷಯ ಕೊನೆಗೆ ಹೇಳುತ್ತೇವೆ.

ನಾವು ನೋಡಿದ ಮಟ್ಟಿಗೆ ಆಯನೂರಿನ ಅಂಗಡಿ ಕಪಾಟಿನಲ್ಲಿ ಬೋರ್ಬನ್ ಇಲ್ಲ. ಬೇಕೆಂದರೆ ಶಿವಮೊಗ್ಗದ ದೊಡ್ಡ ಅಂಗಡಿಗೆ ಹೋಗಬೇಕು, ಅಲ್ಲೂ ಒಂದೆರಡು ಬಗೆ ಸಿಕ್ಕರೆ ಹೆಚ್ಚು. ಅಥವಾ ಬೆಂಗಳೂರಿನಲ್ಲಿರುವ ಮಗನೋ, ದುಬೈಯಲ್ಲಿರುವ ತಮ್ಮನೋ ತರಬೇಕು. ವಿದೇಶದಿಂದ ಬರುವವರು ಎರಡು ಲೀಟರ್ ತನಕ ಸುಂಕ ಇಲ್ಲದೆ ತರಬಹುದು. ತರುವವರಿಗೆ ಏನು ಹೇಳಬೇಕು?

ಲೇಬಲ್ಲಿನ ಮೇಲೆ ‘ಸ್ಟ್ರೈಟ್’ ಎಂಬ ಮಾತು ಇದೆಯಾ ನೋಡಲು ಹೇಳಿ. ‘ಕೆಂಟಕಿ ಸ್ಟ್ರೈಟ್ ಬೋರ್ಬನ್ ವಿಸ್ಕಿ’ ಎಂದಿದ್ದರೆ ಕನಿಷ್ಠ ಎರಡು ವರ್ಷ ಹೊಸ ಪೀಪಾಯಿಯಲ್ಲಿ ಕೂತಿದೆ ಎಂದರ್ಥ. ನಾಲ್ಕು ವರ್ಷಕ್ಕಿಂತ ಕಡಿಮೆ ಇದ್ದರೆ ಎಷ್ಟು ವಯಸ್ಸು ಎಂದು ಅವರು ಬರೆಯಲೇಬೇಕು. ವಯಸ್ಸು ಬರೆಯದ ಸ್ಟ್ರೈಟ್ ಬೋರ್ಬನ್ ಕಂಡರೆ ಅದು ನಾಲ್ಕು ವರ್ಷ ದಾಟಿದ್ದು. ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ ಇನ್ನೂ ಗಟ್ಟಿ: ಒಂದೇ ಭಟ್ಟಿ, ಒಂದೇ ಹಂಗಾಮು, ನಾಲ್ಕು ವರ್ಷ, ಮದ್ಯಸಾರ 50%. ಇದು 1897ರ ಕಾನೂನು. ಆಗ ಅಮೆರಿಕದಲ್ಲಿ ವಿಸ್ಕಿ ಹೆಸರಲ್ಲಿ ಬಣ್ಣದ ನೀರು, ತಂಬಾಕಿನ ರಸ ಎಲ್ಲ ಸೇರಿಸಿ ಮಾರುತ್ತಿದ್ದರಂತೆ, ಅದನ್ನು ತಡೆಯಲು ತಂದದ್ದು.

ಹೆಸರು ಹೇಳಿ ಅಂದರೆ, ಜಿಮ್ ಬೀಮ್‌ನ ಬಿಳಿ ಲೇಬಲ್ ನಾಲ್ಕು ವರ್ಷದ್ದು, ಬೋರ್ಬನ್ನಿನಲ್ಲಿ ಸಾಮಾನ್ಯವಾಗಿ ಅಗ್ಗದ್ದು. ಮೊದಲ ಸಲ ರುಚಿ ನೋಡುವವರಿಗೆ ಅದು ಸಾಕು. ಕೋಲಾ ಹಾಕಿಯೇ ಕುಡಿಯುವವರಂತೂ ಅದಕ್ಕಿಂತ ಮೇಲೆ ಹೋಗಬೇಡಿ, ಕೋಲಾ ಸುರಿದ ಮೇಲೆ ಆರು ವರ್ಷದ್ದೂ ಒಂದೇ, ನಾಲ್ಕು ವರ್ಷದ್ದೂ ಒಂದೇ. ಮೇಕರ್ಸ್ ಮಾರ್ಕ್‌ನಲ್ಲಿ ರೈ ಬದಲು ಗೋಧಿ ಇರುವುದರಿಂದ ಖಾರ ಕಡಿಮೆ, ಮೆತ್ತಗೆ. ನೀರು ಹಾಕಿ ನಿಧಾನ ಕುಡಿಯುವ ಹಿರಿಯರಿಗೆ ಅದು ಹಿಡಿಸುತ್ತದೆ. ಇನ್ನು ಜಾಕ್ ಡೇನಿಯಲ್ಸ್. ನಮ್ಮ ಹುಡುಗರ ಟೀಶರ್ಟ್ ಮೇಲೆಲ್ಲ ಇರುವುದು ಅದೇ. ಆದರೆ ಅದು ತನ್ನನ್ನು ಬೋರ್ಬನ್ ಎಂದು ಕರೆದುಕೊಳ್ಳುವುದಿಲ್ಲ, ಟೆನೆಸ್ಸಿ ವಿಸ್ಕಿ ಎನ್ನುತ್ತದೆ. ಪೀಪಾಯಿಗೆ ಹಾಕುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ. ಚೆನ್ನಾಗಿಲ್ಲ ಎಂದಲ್ಲ. ಹೆಸರಿಗೆ ಕೊಡುವ ದುಡ್ಡು ಅದರಲ್ಲಿ ಜಾಸ್ತಿ.

ಆದರೆ ಅಷ್ಟು ದುಡ್ಡು ಹಾಕಲು ತಯಾರಿದ್ದವರಿಗೆ ನಮ್ಮದೊಂದು ಬೇರೆ ಸಲಹೆ ಇದೆ. ಬೋರ್ಬನ್‌ಗೆ ಒಮ್ಮೆ ಬಳಸಿದ ಪೀಪಾಯಿಯನ್ನು ಮತ್ತೆ ಬೋರ್ಬನ್‌ಗೆ ಬಳಸುವಂತಿಲ್ಲವಲ್ಲ, ಆ ಹಳೇ ಪೀಪಾಯಿಗಳನ್ನು ಪ್ರಪಂಚಕ್ಕೆಲ್ಲ ಮಾರುತ್ತಾರೆ. ಸ್ಕಾಟ್ಲೆಂಡ್ ಕೊಳ್ಳುತ್ತದೆ, ನಮ್ಮ ಬೆಂಗಳೂರೂ ಕೊಳ್ಳುತ್ತದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರೀಸ್‌ನವರು ತಮ್ಮ ಸಿಂಗಲ್ ಮಾಲ್ಟನ್ನು ಇಂಥ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. 1948ರಲ್ಲಿ ಶುರುವಾದ ಕಂಪನಿ. ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮೀನು ಮಾರುವವರ ಕೇರಿಗೆ ಹೋಗಿ ಮೀನು ಮಾರಿದ ಹಾಗೆ. 2010ರಲ್ಲಿ ಜಿಮ್ ಮರ್‍ರೆ ಎಂಬ ವಿಸ್ಕಿ ವಿಮರ್ಶಕ ಅಮೃತ್ ಫ್ಯೂಷನ್‌ಗೆ ಪ್ರಪಂಚದಲ್ಲಿ ಮೂರನೇ ಸ್ಥಾನ ಕೊಟ್ಟ ಮೇಲೆ ಎಲ್ಲರೂ ತಿರುಗಿ ನೋಡಿದರು.

ಇನ್ನೊಂದು ವಿಚಾರ. ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷ ವರ್ಷ ಆವಿಯಾಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2% ಹೋದರೆ ಬೆಂಗಳೂರಿನಲ್ಲಿ 10ರಿಂದ 12% ಹೋಗುತ್ತದೆ. ಹಲಸಿನ ಹಣ್ಣನ್ನು ಹುಲ್ಲಿನಲ್ಲಿ ಮುಚ್ಚಿಟ್ಟ ಹಾಗೆ, ಸೆಕೆಗೆ ಬೇಗ ಮಾಗುತ್ತದೆ, ಬೇಗ ಕರಗಿಯೂ ಹೋಗುತ್ತದೆ. ಹಾಗಾಗಿ ‘12 ವರ್ಷ’, ‘18 ವರ್ಷ’ ಎಂದು ವಯಸ್ಸು ನೋಡಿ ಕೊಳ್ಳುವ ಸ್ಕಾಚಿನ ಲೆಕ್ಕ ನಮ್ಮ ದೇಶದ ವಿಸ್ಕಿಗೆ ಹೊಂದುವುದಿಲ್ಲ. ಬೋರ್ಬನ್‌ಗೂ ಅಷ್ಟು ಹೊಂದುವುದಿಲ್ಲ, ಕೆಂಟಕಿಯ ಬೇಸಿಗೆ ಸ್ಕಾಟ್ಲೆಂಡಿಗಿಂತ ಬಿಸಿ. ಮದುವೆಗೆ ಬೀಗರ ಮುಂದೆ ಒಂದು ಒಳ್ಳೆ ಬಾಟಲಿ ಇಡಲೇಬೇಕು ಎನ್ನುವವರು ಆಮದು ಸುಂಕ ಕಟ್ಟುವ ಬದಲು ಇದನ್ನು ಇಡಿ ಎಂದು ನಾವು ಹೇಳುತ್ತೇವೆ. ಬೋರ್ಬನ್ ಪೀಪಾಯಿಯ ಸಿಹಿ ಅದರಲ್ಲೂ ಸಿಗುತ್ತದೆ. ಒಂದು ಎಚ್ಚರಿಕೆ: ಲೇಬಲ್ ಮೇಲೆ ‘ಬೋರ್ಬನ್ ಕಾಸ್ಕ್’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದ ಮಾತ್ರಕ್ಕೆ ಒಳಗಿರುವುದು ಬೋರ್ಬನ್ ಅಲ್ಲ. ಪೀಪಾಯಿ ಮಾತ್ರ ಅವರದು.

ಇಷ್ಟು ಹೊತ್ತು ಮಾತಾಡಿದ್ದು ವರ್ಷಕ್ಕೊಮ್ಮೆಯ ಬಾಟಲಿಯ ಬಗ್ಗೆ. ಆಯನೂರಿನಲ್ಲಿ ಸಂಜೆ ಆರರ ಮೇಲೆ ಖರ್ಚಾಗುವುದು ಅದಲ್ಲ. 90 ಮಿಲಿ, 180 ಮಿಲಿಯ ಟೆಟ್ರಾ ಪ್ಯಾಕು. ಅಡಿಕೆ ಸುಲಿಯುವವರು, ಗಾರೆ ಕೆಲಸದವರು, ಲಾರಿಯವರು ದಿನಗೂಲಿಯಿಂದ ತೆಗೆದು ಕೊಡುವ ದುಡ್ಡು. ಬೋರ್ಬನ್ ಬಗ್ಗೆ ಓದಿದ ಮೇಲೆ ಆ ಪ್ಯಾಕನ್ನು ಒಮ್ಮೆ ತಿರುಗಿಸಿ ಓದಿದರೆ ಏನು ಸಿಗುತ್ತದೆ?

‘ವಿಸ್ಕಿ’ ಎಂದಿರುತ್ತದೆ. ಅಗ್ಗದ ವಿಸ್ಕಿಯಲ್ಲಿ ಬಹುಪಾಲು ಇರುವುದು ನ್ಯೂಟ್ರಲ್ ಸ್ಪಿರಿಟ್. ಕಾಕಂಬಿಯಿಂದಲೋ ಧಾನ್ಯದಿಂದಲೋ 96%ರಷ್ಟು ಶುದ್ಧವಾಗಿ ಇಳಿಸಿದ, ತನ್ನದೇ ರುಚಿ ಇಲ್ಲದ ಮದ್ಯಸಾರ. ಅದಕ್ಕೆ ನೀರು, ಬಣ್ಣಕ್ಕೆ ಸುಟ್ಟ ಸಕ್ಕರೆ, ಫ್ಲೇವರ್ರು, ಬೆಲೆ ಏರಿದ ಹಾಗೆ ಸ್ವಲ್ಪ ಮಾಲ್ಟ್. ಯುರೋಪಿನಲ್ಲಿ ಕಾಕಂಬಿಯ ಸ್ಪಿರಿಟನ್ನು ವಿಸ್ಕಿ ಎಂದು ಮಾರುವ ಹಾಗೇ ಇಲ್ಲ. ಇಲ್ಲಿ ಮಾರಬಹುದು. ತೀರಾ ಕೆಳಗಿನ ಬೆಲೆಯಲ್ಲಿ ವಿಸ್ಕಿ, ಬ್ರಾಂದಿ ಎಂದು ಬೇರೆ ಬೇರೆ ಹೆಸರಿದ್ದರೂ ವ್ಯತ್ಯಾಸ ಬಹುಮಟ್ಟಿಗೆ ಬಣ್ಣ ಮತ್ತು ವಾಸನೆಯದ್ದು. ಅದಕ್ಕೇ ಕಡಿಮೆ ದುಡ್ಡಿನಲ್ಲಿ ಪ್ರಾಮಾಣಿಕವಾದ ಬಾಟಲಿ ಯಾವುದು ಎಂದು ಕೇಳಿದರೆ ನಾವು ರಮ್ ಎನ್ನುತ್ತೇವೆ. ಪ್ರಪಂಚದಲ್ಲಿ ಎಲ್ಲಿ ಹೋದರೂ ರಮ್ ಆಗುವುದು ಕಬ್ಬಿನಿಂದ, ಕಾಕಂಬಿಯಿಂದಲೇ. ಅದು ತಾನಲ್ಲದ್ದನ್ನು ತಾನು ಎಂದು ಹೇಳಿಕೊಳ್ಳುವುದಿಲ್ಲ.

ಇದರಲ್ಲೊಂದು ತಮಾಷೆ. ನಮ್ಮಲ್ಲಿ ‘ಓಸಿ’ ಎಂದರೆ ಗೊತ್ತಿಲ್ಲದವರಿಲ್ಲ, ಒರಿಜಿನಲ್ ಚಾಯ್ಸ್. ಅದನ್ನು ಮಾಡುವ ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರೇ ಗೋವಾದಲ್ಲಿ ಪಾಲ್ ಜಾನ್ ಎಂಬ ದುಬಾರಿ ಸಿಂಗಲ್ ಮಾಲ್ಟ್ ಮಾಡುತ್ತಾರೆ. ಆ ಕಂಪನಿಯಲ್ಲಿ ಅಮೆರಿಕದ ಸಜೆರಾಕ್‌ನವರ ಪಾಲಿದೆ. ಸಜೆರಾಕ್ ಯಾರು? ಬಫಲೋ ಟ್ರೇಸ್ ಎಂಬ ಹೆಸರಾಂತ ಬೋರ್ಬನ್ ಮಾಡುವವರು. ಹಾಗೆ ನೋಡಿದರೆ ಕೆಂಟಕಿಗೂ ನಮ್ಮ ಊರಿನ ಓಸಿಗೂ ನೆಂಟಸ್ತಿಕೆ ಆಗಿ ಕೆಲವು ವರ್ಷವೇ ಆಯಿತು. ಅಲ್ಲಿಯ ಗಿರಾಕಿಗೆ ಧಾನ್ಯ ಯಾವುದು, ಪೀಪಾಯಿ ಎಂಥದು, ಎಷ್ಟು ವರ್ಷ ಎಂದು ಕಾನೂನು ಹೇಳಿಸುತ್ತದೆ. ಇಲ್ಲಿಯ ಗಿರಾಕಿಗೆ ಅಷ್ಟು ವಿವರ ಬೇಡವಾ?

ಅವನು ಕೊಡುವ ದುಡ್ಡೇನು ಕಡಿಮೆಯಲ್ಲ. ಕರ್ನಾಟಕದಲ್ಲಿ ಎಲ್ಲ ಮದ್ಯವೂ 2003ರಲ್ಲಿ ಆರಂಭವಾದ ರಾಜ್ಯ ಪಾನೀಯ ನಿಗಮದ ಮೂಲಕವೇ ಅಂಗಡಿಗೆ ಬರಬೇಕು. ತಯಾರಕ ಘೋಷಿಸಿದ ಬೆಲೆ ನೋಡಿ ಸ್ಲ್ಯಾಬ್ ಲೆಕ್ಕದಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಬೀಳುತ್ತದೆ. ಕೆಳಗಿನ ಸ್ಲ್ಯಾಬಿನ ಕ್ವಾರ್ಟರ್‌ಗೆ ಕೊಡುವ ದುಡ್ಡಿನಲ್ಲಿ ಒಳಗಿರುವ ಸಾಮಾನಿನ ಬೆಲೆ ಚೂರು, ಸುಂಕವೇ ಬಹುಪಾಲು. 2024ರ ಆಗಸ್ಟ್‌ನಲ್ಲಿ ಸ್ಲ್ಯಾಬ್‌ಗಳನ್ನು 18ರಿಂದ 16ಕ್ಕೆ ಇಳಿಸಿ ದುಬಾರಿ ಬ್ರ್ಯಾಂಡುಗಳ ಬೆಲೆ ಕಡಿಮೆ ಮಾಡಲಾಯಿತು. 2025ರ ಮೇನಲ್ಲಿ ಕೆಳಗಿನ ಸ್ಲ್ಯಾಬ್‌ಗಳ ಸುಂಕ ಏರಿತು. ಒಂಬತ್ತು ತಿಂಗಳ ಅಂತರದಲ್ಲಿ ಬೆಂಗಳೂರಿನ ಬಾರಿನವನಿಗೆ ಇಳಿಕೆ, ಆಯನೂರಿನ ಗಾರೆ ಕೆಲಸದವನಿಗೆ ಏರಿಕೆ. 2025-26ಕ್ಕೆ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗ್ಯಾರಂಟಿಗೋ ರಸ್ತೆಗೋ ಎಲ್ಲಿಗೇ ಹೋಗಲಿ, ಅದರಲ್ಲಿ ದೊಡ್ಡ ಪಾಲು ಇಂಥ ಕ್ವಾರ್ಟರ್‌ಗಳಿಂದ ಬರುತ್ತದೆ.

‘ಕುಡಿಯೋದು ಬಿಡ್ಲಿ, ಆಗ ತೆರಿಗೇನೂ ಇಲ್ಲ’ ಎನ್ನುವವರಿದ್ದಾರೆ. ಮನೆ ಹಾಳಾದ ಹೆಂಗಸರು ಹೇಳಿದರೆ ಆ ಮಾತಿಗೆ ನಾವು ತಲೆಬಾಗುತ್ತೇವೆ. ಅಂಗಡಿ ಎತ್ತಿಸಿ ಎಂದು ಅವರು ಪಂಚಾಯಿತಿ ಮುಂದೆ ಕೂತಾಗ ವರದಿ ಮಾಡಿದವರೂ ನಾವೇ. ಆದರೆ ನಮ್ಮ ಪಕ್ಕದ ಶಿಕಾರಿಪುರದ ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ, ಬ್ರಾಂದಿಗೆ ಬಂದರು. ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು. ಎಂಎಸ್‌ಐಎಲ್ ಅಂಗಡಿಗಳು ಹಳ್ಳಿಗೆ ಬಂದವು. ಕುಡಿಯುವವನು ಇದ್ದೇ ಇರುವಾಗ, ಅವನಿಂದ ಸರ್ಕಾರ ದುಡ್ಡು ತೆಗೆದುಕೊಳ್ಳುತ್ತಲೇ ಇರುವಾಗ, ಏನು ಕುಡಿಯುತ್ತಿದ್ದಾನೆ ಎಂದು ಅವನಿಗೆ ತಿಳಿಸುವುದರಲ್ಲಿ ಕಷ್ಟವೇನು?

ನಾವು ಕೇಳುವುದು ಇಷ್ಟು. ಪ್ಯಾಕಿನ ಮೇಲೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಸ್ಪಿರಿಟ್ ಕಾಕಂಬಿಯದೋ ಧಾನ್ಯದ್ದೋ, ಧಾನ್ಯವಾದರೆ ಯಾವುದು, ಮಾಲ್ಟ್ ಎಷ್ಟು ಪಾಲು, ಪೀಪಾಯಿ ಕಂಡಿದೆಯೋ ಇಲ್ಲವೋ ಎಂದು ಬರೆಯಲಿ. ರಸಗೊಬ್ಬರದ ಚೀಲದ ಮೇಲೆ 10:26:26 ಎಂದು ಬರೆಯುವುದಿಲ್ಲವಾ? ಬರೆಯದ ಗೊಬ್ಬರ ನಾವು ಕೊಳ್ಳುತ್ತೇವಾ? ಮೆಕ್ಕೆಜೋಳ ಬೆಳೆಯುವ ಊರಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ನಮ್ಮ ಜೋಳ ಎಲ್ಲಿಗೆ ಹೋಗುತ್ತಿದೆ, ಕೋಳಿಗೋ, ಪೆಟ್ರೋಲ್‌ಗೋ, ಬಾಟಲಿಗೋ ಎಂದು ಗೊತ್ತಾದರೆ ಬೆಲೆ ಕೇಳುವಾಗ ಯಾರ ಬಾಗಿಲು ತಟ್ಟಬೇಕು ಎಂದೂ ಗೊತ್ತಾಗುತ್ತದೆ.

ಹೆಸರಿನ ವಿಷಯದಲ್ಲಿ ಕೋರ್ಟಿನದೊಂದು ಕತೆ ಇದೆ. ಬೆಂಗಳೂರಿನ ಖೋಡೇಸ್‌ನವರ ‘ಪೀಟರ್ ಸ್ಕಾಟ್’ ವಿಸ್ಕಿಯ ಹೆಸರಲ್ಲಿ ‘ಸ್ಕಾಟ್’ ಇದೆ, ಜನ ಸ್ಕಾಚ್ ಎಂದು ಮೋಸ ಹೋಗುತ್ತಾರೆ ಎಂದು ಸ್ಕಾಟ್ಲೆಂಡಿನ ವಿಸ್ಕಿ ಸಂಘದವರು ಕೇಸು ಹಾಕಿದ್ದರು. ಸುಪ್ರೀಂ ಕೋರ್ಟ್ 2008ರಲ್ಲಿ ಖೋಡೇಸ್ ಪರ ತೀರ್ಪು ಕೊಟ್ಟಿತು. ಅಷ್ಟು ವರ್ಷ ಸುಮ್ಮನಿದ್ದು ತಡವಾಗಿ ಬಂದದ್ದು ಮುಖ್ಯ ಕಾರಣ. ಇಂಥ ಮದ್ಯ ಕೊಳ್ಳುವವರು ತಿಳಿದವರು, ಗೊಂದಲ ಆಗುವುದಿಲ್ಲ ಎಂಬ ವಾದವೂ ಅದರಲ್ಲಿ ತೂಕ ಪಡೆಯಿತು. ಸಂತೋಷ. ತಿಳಿದವರು ಎಂದು ನಂಬುವುದಾದರೆ ತಿಳಿಯಲು ಬೇಕಾದ್ದನ್ನು ಲೇಬಲ್ಲಿನ ಮೇಲೆ ಬರೆಯಲಿ.

ಸದ್ಯಕ್ಕೆ ಲೇಬಲ್ಲಿನಲ್ಲಿ ಖಂಡಿತ ಸಿಗುವ ಒಂದು ಅಂಕಿ ಇದೆ: 42.8%. ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್ ಬಹುತೇಕ ಎಲ್ಲದರ ಮೇಲೂ ಅದೇ. ಯಾಕೆ 43 ಅಲ್ಲ, 40 ಅಲ್ಲ? ಅದು ಬ್ರಿಟಿಷರ ಕಾಲದ ಅಳತೆ. ಅವರ 100 ಡಿಗ್ರಿ ಪ್ರೂಫ್ ಎಂದರೆ 57.1%. ಅದರ ಮುಕ್ಕಾಲು ಪಾಲು 42.8. ಬಾಟಲಿ ಮೇಲೆ ‘25 ಯುಪಿ’ ಎಂದು ಕಂಡರೆ ಅದೇ ಲೆಕ್ಕ, ಪ್ರೂಫಿಗಿಂತ 25 ಕೆಳಗೆ. ಈ ಅಂಕಿ ಇಟ್ಟುಕೊಂಡು ಒಂದು ಹೋಲಿಕೆ ಮಾಡಬಹುದು. 180 ಮಿಲಿ ಕ್ವಾರ್ಟರ್‌ನಲ್ಲಿ ಶುದ್ಧ ಮದ್ಯಸಾರ 77 ಮಿಲಿ. 8% ಇರುವ 650 ಮಿಲಿಯ ಸ್ಟ್ರಾಂಗ್ ಬಿಯರಿನಲ್ಲಿ 52 ಮಿಲಿ. ‘ನಾನು ಬರೀ ಬಿಯರ್’ ಎಂದು ಎರಡು ಬಾಟಲಿ ಇಳಿಸಿ ಬೈಕ್ ಹತ್ತುವ ಹುಡುಗ ಕ್ವಾರ್ಟರ್ ಕುಡಿದವನಿಗಿಂತ ಹೆಚ್ಚು ಕುಡಿದಿದ್ದಾನೆ. ಸಾಗರ ರಸ್ತೆಯಲ್ಲಿ ರಾತ್ರಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಂಗಡಿಯ ವಿಷಯ. ಸಿಎಲ್-2 ವೈನ್ ಶಾಪಾಗಲಿ ಎಂಎಸ್‌ಐಎಲ್ ಆಗಲಿ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕೂತು ಕುಡಿಸುವ ಬಾರ್ ಆಂಡ್ ರೆಸ್ಟೋರೆಂಟಿನ ಲೆಕ್ಕ ಬೇರೆ. ಆದರೂ ‘ಚಿಲ್ಲರೆ ಇಲ್ಲ’, ‘ಫ್ರಿಜ್ ಚಾರ್ಜು’ ಎಂದು ಐದು ಹತ್ತು ಕೀಳುವ ಕೌಂಟರ್‌ಗಳನ್ನು ನಾವೂ ಕಂಡಿದ್ದೇವೆ, ನೀವೂ ಕಂಡಿದ್ದೀರಿ. ದಿನಾ ಹತ್ತು ರೂಪಾಯಿ ಎಂದರೆ ವರ್ಷಕ್ಕೆ 3,650. ಬೋರ್ಬನ್ ಆಸೆ ಇದ್ದವರ ಬೋರ್ಬನ್ ದುಡ್ಡು ಅಲ್ಲೇ ಸೋರಿಹೋಗಿರುತ್ತದೆ. ಬಿಲ್ ಕೇಳಿ. ಕೊಡದಿದ್ದರೆ ಯುಪಿಐನಲ್ಲಿ ಕಟ್ಟಿ, ಕಟ್ಟಿದ ಮೊತ್ತ ಮತ್ತು ಪ್ಯಾಕಿನ ಎಂಆರ್‌ಪಿ ಎರಡರ ಫೋಟೋ ಇಟ್ಟುಕೊಂಡು ಅಬಕಾರಿ ಕಚೇರಿಗೆ ದೂರು ಕೊಡಿ. ಗೂಡಂಗಡಿಯಲ್ಲಿ, ಹೋಟೆಲಿನ ಹಿಂದೆ ಸಿಗುವ ಪ್ಯಾಕಿಗೆ ಬಿಲ್ಲೂ ಇಲ್ಲ, ದೂರೂ ಇಲ್ಲ.

ಮುಚ್ಚಳದ ಮಾತು ಹೇಳುತ್ತೇವೆ ಅಂದಿದ್ದೆವು. ಕರ್ನಾಟಕದಲ್ಲಿ ಮಾರುವ ಪ್ರತಿ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಅಂಟುಚೀಟಿ ಇರಬೇಕು. ತೆರೆಯುವಾಗ ಅದು ಹರಿಯಬೇಕು. ಹರಿದು ಮತ್ತೆ ಅಂಟಿಸಿದಂತಿದ್ದರೆ, ಮುಚ್ಚಳ ತಿರುಗಿಸಿದಾಗ ಕಟಕ್ ಎನ್ನದಿದ್ದರೆ ವಾಪಸ್ ಕೊಡಿ. ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಬರೆದ ಬಾಟಲಿಯನ್ನು ಪರ್ಮಿಟ್ ಇಲ್ಲದೆ ತಂದರೆ ಕೇಸು ನಿಮ್ಮ ಮೇಲೆ. ಯಾರೋ ಬಿಡಿಯಾಗಿ, ಚೀಟಿ ಇಲ್ಲದೆ, ಅರ್ಧ ಬೆಲೆಗೆ ಕೊಡುವ ‘ಫಾರಿನ್’ ಮಾಲನ್ನಂತೂ ಮುಟ್ಟಲೇಬೇಡಿ. ಒಳಗೆ ಅಗ್ಗದ ವಿಸ್ಕಿ ಇದ್ದರೆ ದುಡ್ಡು ಮಾತ್ರ ಹೋಯಿತು. ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಕಳ್ಳಬಟ್ಟಿಯಿಂದ. ಬಣ್ಣ, ವಾಸನೆ ನೋಡಿ ಮೆಥನಾಲ್ ಕಂಡುಹಿಡಿಯಲು ನಮ್ಮಂಥವರಿಂದ ಆಗುವುದಿಲ್ಲ. ನಮ್ಮ ಜಿಲ್ಲೆಗೆ ಆ ಪದಾರ್ಥ ಹೊಸದೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ‘ವುಡ್ ಡಿಸ್ಟಿಲೇಷನ್’ ಎಂದಿತ್ತು. ಕುಲುಮೆಗೆ ಬೇಕಾದ ಇದ್ದಿಲು ಮಾಡುವಾಗ ಮಲೆನಾಡಿನ ಮರದಿಂದ ಇಳಿಯುತ್ತಿದ್ದ ಮೀಥೈಲ್ ಆಲ್ಕೋಹಾಲ್ ಕಾರ್ಖಾನೆಯ ಉಪ ಉತ್ಪನ್ನ. ಅದು ಕೈಗಾರಿಕೆಗೆ ಬೇಕಾದ ರಾಸಾಯನಿಕ, ಕುಡಿಯುವುದಲ್ಲ.

ಮದುವೆ ಮನೆಯವರಿಗೆ ಇನ್ನೊಂದು ಕೆಲಸ ಇದೆ. ದುಬಾರಿ ಬ್ರ್ಯಾಂಡಿನ ಖಾಲಿ ಬಾಟಲಿಗಳನ್ನು ಹಾಗೇ ಗುಜರಿಗೆ ಹಾಕಬೇಡಿ. ಅವನ್ನು ಹೆಚ್ಚಿನ ಬೆಲೆಗೆ ಕೊಂಡು ಒಳಗೆ ಬೇರೇನೋ ತುಂಬಿ ಮತ್ತೆ ಮಾರುವವರು ಇದ್ದಾರೆ. ಲೇಬಲ್ಲನ್ನು ನೀರಲ್ಲಿ ನೆನೆಸಿ ಕಿತ್ತು, ಮುಚ್ಚಳವನ್ನು ಕಲ್ಲಿನಲ್ಲಿ ಜಜ್ಜಿ, ಆಮೇಲೆ ಹಾಕಿ. ಅಡುಗೆ ಭಟ್ಟರು ಪಾತ್ರೆ ತೊಳೆಯುವ ಹೊತ್ತಿಗೆ ಇಬ್ಬರು ಹುಡುಗರು ಕೂತರೆ ಅರ್ಧ ಗಂಟೆಯ ಕೆಲಸ.